ದುಬಾರಿ ಸ್ಪೀಕರ್ ವಾಪಸ್ ಕೊಡುವ ಮೊದಲು ಜಾಗ ಬದಲಿಸಿ ನೋಡಿ

ಹೊಸ ಸ್ಪೀಕರ್ ಚೆನ್ನಾಗಿ ಕೇಳಿಸುತ್ತಿಲ್ಲ, ವಾಪಸ್ ಕೊಡಲೇ ಅಂತ ಕೇಳಿದ್ದೀರಿ. ನಿಮ್ಮ ಬೇಸರಕ್ಕೆ ಮುಖ್ಯ ಕಾರಣ ಖರ್ಚಾದ ದುಡ್ಡಲ್ಲ, ಸ್ಪೀಕರ್ ಇಟ್ಟ ಜಾಗ ಅನಿಸುತ್ತದೆ. ತೀರ್ಥಹಳ್ಳಿಯ ಹೆಂಚಿನ ಮನೆ, 70,000 ರೂಪಾಯಿಯ ಜೋಡಿ, ಅದೂ ಮೂಲೆಯಲ್ಲಿ ಗೋಡೆಗೆ ಒತ್ತಿ ಇಟ್ಟಿದ್ದೀರಿ. ತಬಲಾ ಜೋಡಿಯ ಡಗ್ಗದ ಏಟೆಲ್ಲ ಬರೀ ಗುಂಯ್ ಅನ್ನುತ್ತದೆ, ಹಳೆಯದೇ ವಾಸಿ ಅಂತೀರಿ. ಮೂಲೆಯಲ್ಲಿ ಬಾಸ್, ಅಂದರೆ ತಗ್ಗಿನ ಸದ್ದು, ಉಬ್ಬಿ ಹಾಡುವವರ ದನಿಯನ್ನೇ ಮುಚ್ಚಿಬಿಡುತ್ತದೆ.

ಮೊದಲು ವೈರ್ ನೋಡಿ. ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇರಬೇಕು. ಆಮೇಲೆ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ತನ್ನಿ. ಕೂತಾಗ ಟ್ವೀಟರ್ (ಸ್ಪೀಕರಿನೊಳಗೆ ಏರು ದನಿ ಹೊರಡಿಸುವ ಸಣ್ಣ ಭಾಗ) ಕಿವಿಯ ಮಟ್ಟಕ್ಕೆ ಬರಲಿ, ಎರಡೂ ನಿಮ್ಮಿಂದ ಒಂದೇ ದೂರದಲ್ಲಿರಲಿ. ರೆಡ್ ಆಕ್ಸೈಡ್ ನೆಲ ಸದ್ದನ್ನು ಹಾಗೇ ವಾಪಸ್ ಎಸೆಯುತ್ತದೆ, ಮುಂದೆ ಜಮಖಾನ ಹಾಸಿ.

ನಂತರ ಹಳೆ ಸೆಟ್ ಜೊತೆ ಹೋಲಿಸಿ. ಒಂದೇ ಹಾಡು, ಒಂದೇ ಜೋರು. ಇದು ಮುಖ್ಯ, ಯಾಕೆಂದರೆ ಸ್ವಲ್ಪ ಜೋರಿರುವುದೇ ಕಿವಿಗೆ ಚೆಂದ ಅನಿಸುತ್ತದೆ. ಮಳೆ ಹೊಯ್ಯುವಾಗ ಬೇಡ, ಸಣ್ಣ ಸದ್ದೆಲ್ಲ ಹೆಂಚಿನ ಗದ್ದಲದಲ್ಲಿ ಹೋಗಿಬಿಡುತ್ತದೆ.

ಕೋಣೆ ನೋಡದೆ ಪೂರ್ತಿ ಸರಿಹೋಗುತ್ತದೆ ಅಂತ ಹೇಳಲಾರೆ. ವಾಪಸ್ ಕೊಡುವ ಗಡುವು ಬಿಲ್ಲಿನಲ್ಲಿದೆಯಾ ನೋಡಿ, ಅದರೊಳಗೇ ಇದೆಲ್ಲ ಮುಗಿಸಿ. ಡಬ್ಬ ಎಸೆಯಬೇಡಿ, ಬೂಷ್ಟು ಹಿಡಿಯದ ಕಡೆ ಇಡಿ. ಕೈಯಲ್ಲಿದ್ದ ದುಡ್ಡಲ್ಲಿ ತಂದಿದ್ದರೆ ಸುಮ್ನೆ ಕೊರಗಬೇಡಿ. ಸಾಲ ಮಾಡಿ ತಂದಿದ್ದರೆ ಮಾತ್ರ, ಎಷ್ಟೇ ಚೆನ್ನಾಗಿ ಕೇಳಿಸಿದರೂ ವಾಪಸ್ ಕೊಡಿ.