ಕೊಲರಾಡೊದ ಮ್ಯಾಗಜಿನ್ ಕಾನೂನು ಏಕೆ ರದ್ದಾಗಿಲ್ಲ?

ಬಂದೂಕಿನ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) 15ಕ್ಕಿಂತ ಹೆಚ್ಚು ಗುಂಡು ಹಿಡಿಯಬಾರದೆಂಬ ಅಮೆರಿಕದ ಕೊಲರಾಡೊ ರಾಜ್ಯದ ಕಾನೂನು ಇಷ್ಟು ವಿರೋಧವಿದ್ದರೂ ಏಕೆ ಉಳಿದಿದೆ ಎಂದು ಕೇಳಿದ್ದೀರಿ. ಅದನ್ನು ಜಾರಿಯಾದಾಗಿನಿಂದ ಗಮನಿಸುತ್ತ ಬಂದಿರುವ ನನಗೆ ಕಾಣುವ ಮುಖ್ಯ ಕಾರಣ, ರದ್ದತಿ ಬಯಸುವವರಿಗೆ ರಾಜ್ಯ ಶಾಸಕಾಂಗದ ಎರಡೂ ಸದನಗಳಲ್ಲಿ ಏಕಕಾಲಕ್ಕೆ ಬಹುಮತ ಸಿಗದಿರುವುದು.

2012ರ ಜುಲೈನಲ್ಲಿ ಕೊಲರಾಡೊದ ಅರೋರಾ ನಗರದ ಚಿತ್ರಮಂದಿರದಲ್ಲಿ 12 ಜನರನ್ನು ಕೊಂದವನು 100 ಗುಂಡು ಹಿಡಿಯುವ ಡ್ರಮ್ ಮ್ಯಾಗಜಿನ್ ಬಳಸಿದ್ದ. ಮರುವರ್ಷ ಗವರ್ನರ್ ಹಿಕನ್‌ಲೂಪರ್ ಸಹಿ ಹಾಕಿದ ಕಾನೂನು ಜುಲೈ 1ರಂದು ಜಾರಿಯಾಯಿತು. ಸೆಪ್ಟೆಂಬರ್‌ನಲ್ಲಿ, ಅದನ್ನು ಬೆಂಬಲಿಸಿದ್ದ ಇಬ್ಬರು ಡೆಮಾಕ್ರಟಿಕ್ ಸೆನೆಟರ್‌ಗಳಾದ, ರಾಜ್ಯ ಸೆನೆಟ್ (ಮೇಲ್ಮನೆ) ಅಧ್ಯಕ್ಷ ಜಾನ್ ಮೋರ್ಸ್ ಮತ್ತು ಪ್ಯೂಬ್ಲೊ ನಗರದ ಏಂಜೆಲಾ ಹಿರೋನ್ ಅವರನ್ನು ಮತದಾರರು ಮತ ಹಾಕಿ ಅವಧಿಗೆ ಮುನ್ನವೇ ಮನೆಗೆ ಕಳುಹಿಸಿದರು. ಮ್ಯಾಗಜಿನ್ ತಯಾರಿಸುವ ಮ್ಯಾಗ್‌ಪುಲ್ ಕಂಪನಿಯೂ ವಯೋಮಿಂಗ್ ಮತ್ತು ಟೆಕ್ಸಾಸ್‌ಗೆ ಸ್ಥಳಾಂತರಗೊಂಡಿತು. ಇಷ್ಟಾದ ಮೇಲೆ ರದ್ದತಿ ಖಚಿತವೆಂದು ಹಲವರು ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಎರಡೂ ಸ್ಥಾನಗಳು 2014ರಲ್ಲಿ ಡೆಮಾಕ್ರಟರಿಗೇ ಮರಳಿದವು. ಅದೇ ಚುನಾವಣೆಯಲ್ಲಿ ಒಂದೇ ಸ್ಥಾನದ ಅಂತರದಿಂದ ಸೆನೆಟ್ ಗೆದ್ದ ರಿಪಬ್ಲಿಕನ್ನರು 2015ರಲ್ಲಿ ರದ್ದತಿ ಮಸೂದೆಯನ್ನು ಅಲ್ಲಿ ಅಂಗೀಕರಿಸಿದರೂ ಕೆಳಮನೆಯಲ್ಲಿ ಅದು ಸಮಿತಿಯ ಹಂತವನ್ನೇ ದಾಟಲಿಲ್ಲ.

ವಿರೋಧಿಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 2013ರ ಜುಲೈಗೆ ಮೊದಲೇ ಕೈಯಲ್ಲಿದ್ದ ಮ್ಯಾಗಜಿನ್‌ಗಳನ್ನು ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಮಾಲೀಕನು "ಇದು ಹಳೆಯದು" ಎಂದರೆ, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಆದರೆ ತಯಾರಿಕೆಯ ಗುರುತು ಇಲ್ಲದ, ಸ್ಪ್ರಿಂಗ್ ಇರುವ ಒಂದು ಪೆಟ್ಟಿಗೆಯನ್ನು ನೋಡಿ ಅದನ್ನು ಕೊಂಡ ವರ್ಷವನ್ನು ಯಾವ ಪೊಲೀಸ್ ಅಧಿಕಾರಿ ತಾನೇ ಹೇಳಬಲ್ಲ? ಮ್ಯಾಗಜಿನ್‌ನ ತಳದ ಮುಚ್ಚಳದ ವಿಷಯವೂ ಹೀಗೆಯೇ. ಶುಚಿಗೊಳಿಸಲೆಂದು ಆ ಮುಚ್ಚಳ ಕಳಚುವಂತಿರುತ್ತದೆ. ಕಳಚಿದರೆ ಸಾಮರ್ಥ್ಯವನ್ನು ಹೆಚ್ಚಿಸಬಹುದು. ಸುಲಭವಾಗಿ ಮಾರ್ಪಡಿಸುವಂತೆ ರೂಪಿಸಿದ್ದಕ್ಕೂ ನಿಷೇಧವಿದ್ದುದರಿಂದ ಬಹುತೇಕ ಎಲ್ಲ ಮ್ಯಾಗಜಿನ್‌ಗಳೂ ಅಕ್ರಮವಾಗುತ್ತವೆ ಎಂದು ಅವರು ವಾದಿಸಿದರು. ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲಿ ಈ ವಿಶಾಲ ಅರ್ಥವನ್ನು ತಳ್ಳಿಹಾಕಿ, ರಾಜ್ಯ ಸಂವಿಧಾನದಡಿ ಕಾನೂನನ್ನು ಎತ್ತಿಹಿಡಿಯಿತು.

ನನ್ನ ದೃಷ್ಟಿಯಲ್ಲಿ ಈ ಲೋಪಗಳು ಹೇಳುವುದು ಕಾನೂನನ್ನು ತಿದ್ದಬೇಕೆಂದು, ತೆಗೆದುಹಾಕಬೇಕೆಂದಲ್ಲ. ಏಕೆಂದರೆ ಮ್ಯಾಗಜಿನ್ ಬದಲಿಸುವ ಕೆಲವು ಸೆಕೆಂಡುಗಳಲ್ಲಿ ಜನ ತಪ್ಪಿಸಿಕೊಳ್ಳಬಹುದೆಂಬ ಅದರ ಮೂಲ ತರ್ಕವನ್ನು ಇವು ಮುಟ್ಟುವುದೇ ಇಲ್ಲ. ಇನ್ನು ಉಳಿದಿರುವುದು ಫೆಡರಲ್ ನ್ಯಾಯಾಲಯಗಳ ದಾರಿ. ಆದರೆ 10 ಗುಂಡುಗಳ ಮಿತಿಯಿರುವ ರೋಡ್ ಐಲೆಂಡ್‌ನ ಪ್ರಕರಣವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.