ಮೊದಲು ಸೋಫಾದ ಅಡಿ ಅಳೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ್ದು: ತಾನೇ ಓಡಾಡಿ ಕಸ ಗುಡಿಸುವ ರೋಬೋ ವ್ಯಾಕ್ಯೂಮ್. ಹಾಗಾಗಿ ಫ್ಯಾನು, ಇಸ್ತ್ರಿಪೆಟ್ಟಿಗೆಯ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಹೊಸ ಓದುಗರಿಗೆ ಒಂದು ಮಾತು. ನಾನು ಹದಿನಾರು ವರ್ಷ ರಿಪೇರಿ ಬೆಂಚಿನ ಹಿಂದೆ ಕೂತವನು. ಗಾಜಿನ ಕಪಾಟಿನಲ್ಲಿ ಹೊಳೆಯುವ ಯಂತ್ರಕ್ಕಿಂತ, ಕೂದಲು ಸುತ್ತಿಕೊಂಡು ನಿಂತುಹೋದ ಯಂತ್ರವನ್ನೇ ಹೆಚ್ಚು ನೋಡಿದ್ದೇನೆ. ನನ್ನ ಉತ್ತರಗಳಿಗೆ ಆ ಬೆಂಚಿನ ಧೂಳು ಸ್ವಲ್ಪ ಮೆತ್ತಿಕೊಂಡೇ ಇರುತ್ತದೆ.

ಪ್ರಶ್ನೆ: ಎರಡು ಮಾದರಿ ನೋಡಿದ್ದೇವೆ. ಒಂದರ ಪೆಟ್ಟಿಗೆ ಮೇಲೆ 5000 ಪಾಸ್ಕಲ್ ಎಂದಿದೆ. ಇನ್ನೊಂದರ ಮೇಲೆ 12000. ಎರಡನೆಯದು ಎರಡು ಪಟ್ಟಿಗಿಂತ ಚೆನ್ನಾಗಿ ಗುಡಿಸುತ್ತದೆಯೇ? ನಮ್ಮದು ಮೂರು ಕೋಣೆಯ ಮನೆ. ನೆಲ ಪೂರ್ತಿ ಟೈಲ್ಸ್.

ಉತ್ತರ: ಇಲ್ಲ.

ಪಾಸ್ಕಲ್ ಎನ್ನುವುದು ಒತ್ತಡದ ಅಳತೆ. ಒಂದು ಸ್ಟ್ರಾ ತಗೊಳ್ಳಿ. ಕೆಳಗಿನ ತುದಿಯನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಎಳೆಯಿರಿ. ಕೆನ್ನೆ ಒಳಗೆ ಹೋಗುತ್ತದೆ, ಬಾಯಿಗೆ ಏನೂ ಬರುವುದಿಲ್ಲ. ಅಲ್ಲಿ ಒತ್ತಡ ಇದೆ, ಗಾಳಿಯ ಓಟ ಇಲ್ಲ. ಧೂಳನ್ನು ಹೊತ್ತು ತರುವುದು ಓಡುವ ಗಾಳಿ. ಪೆಟ್ಟಿಗೆ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಅತಿ ಜೋರಿನ ವೇಗದಲ್ಲಿ ಸಿಗುವ ಒತ್ತಡದ್ದು. ಆ ವೇಗದಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಸದ್ದಿಗೆ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುವುದೂ ಕಷ್ಟ. ದಿನಾ ಯಾರೂ ಅದನ್ನು ಬಳಸುವುದಿಲ್ಲ.

ದಪ್ಪ ಕಾರ್ಪೆಟ್ಟಿನ ಎಳೆಗಳ ಬುಡದಲ್ಲಿ ಕೂತ ಮರಳನ್ನು ಎಬ್ಬಿಸಲು ಹೆಚ್ಚಿನ ಎಳೆತ ಬೇಕು, ಒಪ್ಪುತ್ತೇನೆ. ಟೈಲ್ಸ್ ಮೇಲೆ ಕಸ ಸುಮ್ನೆ ಮೇಲೇ ಬಿದ್ದಿರುತ್ತದೆ. ಅಲ್ಲಿ ಅರ್ಧ ಕೆಲಸ ಬ್ರಷ್ಷಿನದು. ನಿಮ್ಮ ನೆಲಕ್ಕೆ 5000 ಧಾರಾಳ ಸಾಕು.

ಈಗ ನೀವು ಕೇಳದ ಪ್ರಶ್ನೆಗೆ ಬರುತ್ತೇನೆ. ಅಳತೆಯ ಟೇಪು ಹಿಡಿದು ನೆಲಕ್ಕೆ ಬಗ್ಗಿದ್ದೀರಾ? ಮೇಲೆ ತಿರುಗುವ ಲೇಸರ್ ಗೋಪುರ ಇರುವ ಯಂತ್ರಗಳು ಹೆಚ್ಚಾಗಿ ಒಂಬತ್ತೂವರೆಯಿಂದ ಹತ್ತು ಸೆಂಟಿಮೀಟರ್ ಎತ್ತರ. ಗೋಪುರ ಇಲ್ಲದವು ಎಂಟರ ಆಸುಪಾಸು. ನಾನು ನನ್ನ ಮೊದಲ ಯಂತ್ರ ತಂದಾಗ ಬುದ್ಧಿವಂತನ ಹಾಗೆ ಸೋಫಾದ ಅಡಿ ಅಳೆದೇ ತಂದಿದ್ದೆ. ಸೋಫಾದ ಕೆಳಗಿನ ಸಂದು ಹತ್ತು ಸೆಂಟಿಮೀಟರ್, ಯಂತ್ರ ಒಂಬತ್ತು ಮುಕ್ಕಾಲು. ಮೊದಲ ದಿನವೇ ಅದು ಸೋಫಾದ ಕೆಳಗೆ ಹೋಗಿ ಸಿಕ್ಕಿಕೊಂಡು ಕೂಗತೊಡಗಿತು. ಎರಡನೆಯ ದಿನವೂ ಅದೇ ಕತೆ. ನಾನು ಅಳೆದದ್ದು ಮುಂದಿನ ಅಂಚನ್ನು. ವರ್ಷಗಟ್ಟಲೆ ಕೂತು ಕೂತು ಸೋಫಾದ ನಡು ಜೋತುಬಿದ್ದಿತ್ತು! ಕೊನೆಗೆ ಸೋಫಾದ ನಾಲ್ಕು ಕಾಲಿಗೂ ಮರದ ತುಂಡು ಕೊಟ್ಟೆ. ಆದ್ದರಿಂದ ನಡುವಿನಲ್ಲಿ ಅಳೆಯಿರಿ, ಅದೂ ಯಾರನ್ನಾದರೂ ಮೇಲೆ ಕೂರಿಸಿ. ಯಂತ್ರದ ಎತ್ತರಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ ಇರಲಿ.

ಹೊಸ್ತಿಲನ್ನೂ ಅಳೆಯಿರಿ. ಎರಡು ಸೆಂಟಿಮೀಟರಿನವರೆಗೆ ಹೆಚ್ಚಿನವು ಹತ್ತುತ್ತವೆ, ಅದೂ ಅಂಚು ಸ್ವಲ್ಪ ಇಳಿಜಾರಾಗಿದ್ದರೆ. ಗೋಡೆಯ ಹಾಗೆ ನೇರವಾಗಿ ಎದ್ದ ಅಂಚಾದರೆ ಒಂದೂವರೆಗೇ ತಡವರಿಸುತ್ತವೆ. ಕುರ್ಚಿ ಕಾಲುಗಳ ನಡುವಿನ ಜಾಗವೂ ಮುಖ್ಯ. ಈ ಯಂತ್ರಗಳ ಅಗಲ ಸುಮಾರು 35 ಸೆಂಟಿಮೀಟರ್. ಸಂದು 40 ಇಲ್ಲದಿದ್ದರೆ ಮೇಜಿನ ಕೆಳಗಿನ ಕಸ ಅಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಎರಡೂ ಮಾದರಿಗಳಿಗೆ ಪಕ್ಕದ ಬ್ರಷ್, ಫಿಲ್ಟರ್, ಬ್ಯಾಟರಿ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಯಾವುದಕ್ಕೆ ಸಿಗುತ್ತದೋ ಅದನ್ನೇ ತಗೊಳ್ಳಿ. ಮೋಟಾರು ಗಟ್ಟಿಯಾಗಿದ್ದೂ ಅಂಗೈಯಗಲದ ಫಿಲ್ಟರ್ ಸಿಗದೆ ಮೂಲೆ ಸೇರಿದ ಯಂತ್ರಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಪ್ರಶ್ನೆ: ಯಂತ್ರ ದಾರಿ ಹುಡುಕಲು ಲೇಸರ್ ಒಳ್ಳೆಯದೋ, ಕ್ಯಾಮೆರಾ ಒಳ್ಳೆಯದೋ? ಕ್ಯಾಮೆರಾ ಇರುವುದು ಮಲಗುವ ಕೋಣೆಗೂ ಬರುತ್ತದಲ್ಲ ಎಂದು ನನ್ನ ಹೆಂಡತಿಗೆ ಆತಂಕ. ಅದು ಅತಿಯಾಯಿತು ಎಂದು ನನ್ನ ವಾದ.

ಉತ್ತರ: ನಿಮ್ಮ ಹೆಂಡತಿಯವರ ಪರವಾಗಿ ಒಂದು ಸಾಕ್ಷಿ ಹೇಳಿಬಿಡುತ್ತೇನೆ. 2020ರಲ್ಲಿ ಪರೀಕ್ಷೆಗೆಂದು ಮನೆಗಳಲ್ಲಿ ಓಡುತ್ತಿದ್ದ ರೋಬೋಗಳು ತೆಗೆದ ಚಿತ್ರಗಳು ಆಮೇಲೆ ಜಾಲತಾಣದ ಗುಂಪುಗಳಿಗೆ ಸೋರಿದವು. ಶೌಚಾಲಯದಲ್ಲಿ ಕೂತ ಹೆಂಗಸಿನ ಚಿತ್ರವೂ ಅದರಲ್ಲಿತ್ತು. ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರಲ್ಲಿ ಇದನ್ನು ಬಯಲಿಗೆ ತಂದಿತು. ಅವು ಅಂಗಡಿಯಲ್ಲಿ ಮಾರಿದ ಯಂತ್ರಗಳಲ್ಲ, ಒಪ್ಪಿಗೆ ಕೊಟ್ಟವರ ಮನೆಯಲ್ಲಿದ್ದವು, ನಿಜ. ಆದರೂ ಚಿತ್ರ ಹೊರಗೆ ಹೋಯಿತು, ಅಲ್ವಾ?

ಇನ್ನು ಕೆಲಸದ ವಿಷಯ. 2002ರಲ್ಲಿ ಬಂದ, ರೂಂಬಾ ಎಂಬ ರೋಬೋ ವ್ಯಾಕ್ಯೂಮಿನ ಮೊದಲ ಮಾದರಿಗೆ ಮನೆಯ ನಕ್ಷೆ ಎನ್ನುವುದೇ ಇರಲಿಲ್ಲ. ಡಿಕ್ಕಿ ಹೊಡೆಯುವುದು, ತಿರುಗುವುದು, ಮತ್ತೆ ಹೋಗುವುದು. ಹೀಗೆ ಅಡ್ಡಾದಿಡ್ಡಿ ಓಡಿಯೇ ಅದು ಕೋಣೆ ಗುಡಿಸುತ್ತಿತ್ತು. ಒಂದೇ ಜಾಗಕ್ಕೆ ನಾಲ್ಕು ಸಲ ಹೋಗಿ ಇನ್ನೊಂದು ಮೂಲೆಯನ್ನು ಮರೆಯುತ್ತಿತ್ತು. 2010ರಲ್ಲಿ ನೀಟೋ ಎಂಬ ಕಂಪನಿ ಲೇಸರ್ ತಿರುಗಿಸಿ ಕೋಣೆ ಅಳೆಯುವ ಯಂತ್ರ ತಂದಿತು. ಸಾಲು ಸಾಲಾಗಿ, ಹೊಲ ಉತ್ತ ಹಾಗೆ ಗುಡಿಸುವ ಕ್ರಮ ಮನೆಮನೆಗೆ ಬಂದದ್ದು ಆ ಬಗೆಯ ಯಂತ್ರಗಳಿಂದ. ಲೇಸರಿಗೆ ಬೆಳಕು ಬೇಡ. ಕತ್ತಲಲ್ಲೂ ದಾರಿ ಗೊತ್ತಾಗುತ್ತದೆ. ಕ್ಯಾಮೆರಾದಿಂದಲೇ ದಾರಿ ಹುಡುಕುವ ಯಂತ್ರಕ್ಕೆ ದೀಪ ಹಾಕಿಡಬೇಕು.

ಲೇಸರಿಗೂ ಕುರುಡಿದೆ. ಅದು ಗೋಪುರದ ಎತ್ತರದಲ್ಲಿ ಮಾತ್ರ ನೋಡುತ್ತದೆ. ನೆಲದ ಮೇಲೆ ಬಿದ್ದ ಕಾಲುಚೀಲ, ಚಾರ್ಜರ್ ತಂತಿ ಅದರ ಕಣ್ಣಿಗೆ ಬೀಳುವುದಿಲ್ಲ. ನೆಲದವರೆಗೆ ಇಳಿದ ಕನ್ನಡಿ ಇದ್ದರೆ ಅದರಾಚೆ ಇನ್ನೊಂದು ಕೋಣೆ ಇದೆ ಎಂದುಕೊಳ್ಳುತ್ತದೆ. ನನ್ನ ಯಂತ್ರ ಹಾಗೆ ನಮ್ಮ ಮನೆಗೆ ಇಲ್ಲದ ಒಂದು ಕೋಣೆಯನ್ನು ನಕ್ಷೆಯಲ್ಲಿ ಸೇರಿಸಿತ್ತು. ನಾನದನ್ನು ಅಳಿಸದೆ ಬಹಳ ದಿನ ಹಾಗೇ ಇಟ್ಟುಕೊಂಡಿದ್ದೆ, ಉಚಿತವಾಗಿ ಸಿಕ್ಕ ಕೋಣೆ.

ನೆಲದ ಮೇಲೆ ಏನೂ ಬಿಡದ ಶಿಸ್ತಿನ ಮನೆಯಾದರೆ ಲೇಸರ್ ಮಾತ್ರ ಇರುವುದು ಸಾಕು. ಹೆಂಡತಿಯವರ ಆತಂಕವೂ ತೀರುತ್ತದೆ. ತಂತಿ, ಆಟಿಕೆ ಬಿದ್ದಿರುವ ಮನೆಯಾದರೆ ಲೇಸರ್ ಜೊತೆಗೆ ಮುಂದಿನ ಅಡ್ಡಿ ಗುರುತಿಸುವ ಸೆನ್ಸರೂ ಇರಲಿ. ಅದರಲ್ಲಿ ಕ್ಯಾಮೆರಾ ಇಲ್ಲದ ಬಗೆಯೂ ಇದೆ. ಬೆಳಕಿನ ಗೆರೆ ಬಿಟ್ಟು ಅದರ ಡೊಂಕು ನೋಡಿ ಎದುರಿಗೆ ಏನಿದೆ ಎಂದು ತಿಳಿಯುತ್ತದೆ.

ಪ್ರಶ್ನೆ: ಇದು ಬಂದರೆ ಪೊರಕೆ ಎಸೆಯಬಹುದೇ?

ಉತ್ತರ: ಬೇಡ. ಯಂತ್ರ ದುಂಡಗಿದೆ, ಕೋಣೆಯ ಮೂಲೆ ಚೌಕಾಕಾರ. ಮೆಟ್ಟಿಲನ್ನಂತೂ ಹೆಚ್ಚಿನ ಯಂತ್ರಗಳು ಗುಡಿಸುವುದೇ ಇಲ್ಲ.

ಪ್ರಶ್ನೆ: ಮನೆಯಲ್ಲಿ ಉದ್ದ ಕೂದಲಿನವರು ಮೂವರಿದ್ದೇವೆ. ಒಂದು ನಾಯಿಯೂ ಇದೆ. ಹೋದ ವರ್ಷ ಕೊಂಡ ಯಂತ್ರ ಈಗ ಒಂದೇ ಕಡೆ ಸುತ್ತುತ್ತದೆ, ಸದ್ದೂ ಮಾಡುತ್ತದೆ. ಹೊಸದು ಕೊಳ್ಳಲೇ? ಕೊಂಡರೆ ಯಾವ ಬಗೆಯದು?

ಉತ್ತರ: ಹೊಸದು ಕೊಳ್ಳುವ ಮೊದಲು ಅದನ್ನು ಆಫ್ ಮಾಡಿ ಮಗುಚಿ ಹಾಕಿ. ಮುಂದೆ ಒಂದು ಪುಟ್ಟ ಚಕ್ರ ಇರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಕೈಯಿಂದ ಎಳೆದರೇ ಬರುತ್ತದೆ. ಅದರ ಅಚ್ಚಿಗೆ ಕೂದಲು ಸುತ್ತಿ ಗಟ್ಟಿ ಉಂಡೆಯಾಗಿರುತ್ತದೆ. ಚಕ್ರ ಉರುಳದೆ ಜಾರುತ್ತದೆ, ಯಂತ್ರ ದಾರಿ ತಪ್ಪುತ್ತದೆ. ಅಲ್ಲಿ ಸರಿಯಿದ್ದರೆ ಎರಡು ದೊಡ್ಡ ಚಕ್ರಗಳ ಸಂದು ನೋಡಿ. ಆಮೇಲೆ ಪಕ್ಕದಲ್ಲಿ ಕಡ್ಡಿಯ ಹಾಗೆ ತಿರುಗುವ ಬ್ರಷ್. ಅದರ ತಿರುಪು ಬಿಚ್ಚಿ ಎತ್ತಿದರೆ ಬುಡದಲ್ಲಿ ಕೂದಲಿನ ಉಂಗುರ ಕಾಣುತ್ತದೆ. ಕೊನೆಗೆ ನಡುವಿನ ದೊಡ್ಡ ಬ್ರಷ್. ಅದರ ಎರಡೂ ತುದಿಯ ಮುಚ್ಚಳ ತೆಗೆಯಿರಿ. ಜನ ಬ್ರಷ್ಷಿನ ನಡುವನ್ನು ಮಾತ್ರ ಸ್ವಚ್ಛ ಮಾಡುತ್ತಾರೆ, ತುದಿಯನ್ನು ಮರೆಯುತ್ತಾರೆ. ತುದಿಗೆ ಸುತ್ತಿದ ಕೂದಲು ತಿರುಗುವ ಬಿಸಿಗೆ ಪ್ಲಾಸ್ಟಿಕ್ಕನ್ನೇ ಕರಗಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಗತ್ತಿ ಇದ್ದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಯುಧ ಇಲ್ಲ.

ಬೆಂಚಿಗೆ ಬಂದ ಯಂತ್ರಗಳಲ್ಲಿ ಅದೆಷ್ಟೋ ಹೀಗೆ ಕೂದಲು ತೆಗೆದ ಕೂಡಲೇ ಓಡಿದ್ದಿದೆ. ನಿಮ್ಮದೂ ಓಡಿದರೆ ಹಣ ಉಳಿಯಿತು. ವಾರಕ್ಕೊಮ್ಮೆ ಹತ್ತು ನಿಮಿಷ ಈ ಕೆಲಸಕ್ಕೆ ಇಡಿ.

ಓಡದಿದ್ದರೆ, ಹೊಸದರಲ್ಲಿ ಬಿರುಗೂದಲ ಬ್ರಷ್ ಬದಲು ರಬ್ಬರ್ ಉರುಳೆ ಇರುವುದನ್ನು ನೋಡಿ. ಕೂದಲು ಅದಕ್ಕೂ ಸುತ್ತುತ್ತದೆ, ಆದರೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಜಾಹೀರಾತಿನಲ್ಲಿ ಕೂದಲು ಸುತ್ತುವುದೇ ಇಲ್ಲ ಎಂದರೆ ಪೂರ್ತಿ ನಂಬಬೇಡಿ.

ನಾಯಿಯ ವಿಷಯ ಹೇಳಲು ಮುಜುಗರ, ಆದರೂ ಹೇಳಲೇಬೇಕು. ರಾತ್ರಿ ಎಲ್ಲರೂ ಮಲಗಿದಾಗ ಓಡುವಂತೆ ಸಮಯ ಇಡಬೇಡಿ. ನಾಯಿ ಮನೆಯೊಳಗೆ ಹೇಸಿಗೆ ಮಾಡಿದ ದಿನ ಯಂತ್ರ ಅದನ್ನು ಪ್ರತಿ ಕೋಣೆಗೂ ಹಂಚುತ್ತದೆ. ಅಂಥ ಒಂದು ಯಂತ್ರವನ್ನು ಚೀಲದಲ್ಲಿ ಕಟ್ಟಿ ನನ್ನ ಬೆಂಚಿಗೆ ತಂದಿದ್ದರು. ಬಿಚ್ಚಿದೆ. ಮತ್ತೆ ಕಟ್ಟಿ ವಾಪಸ್ ಕೊಟ್ಟೆ.

ಪ್ರಶ್ನೆ: ನೆಲ ಒರೆಸುವುದೂ ಇರುವ ಯಂತ್ರವನ್ನೇ ತಗೊಳ್ಳಬೇಕೇ?

ಉತ್ತರ: ಒರೆಸುವುದು ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸ ಮಾರಾಟವಾಗುತ್ತಿದೆ. ಕೆಲವು ಯಂತ್ರ ಒದ್ದೆ ಬಟ್ಟೆಯೊಂದನ್ನು ಹಿಂದೆ ಎಳೆದುಕೊಂಡು ಹೋಗುತ್ತವೆ, ಅಷ್ಟೇ. ಸಣ್ಣ ಧೂಳು ಹೋಗುತ್ತದೆ. ಒಣಗಿ ಅಂಟಿದ ಕಲೆ ಅಲ್ಲೇ ಇರುತ್ತದೆ. ಇನ್ನು ಕೆಲವಕ್ಕೆ ತಿರುಗುವ ಎರಡು ದುಂಡನೆಯ ಬಟ್ಟೆ ಅಥವಾ ಒದ್ದೆ ಉರುಳೆ ಇರುತ್ತದೆ. ಇವು ನಿಜವಾಗಿ ಉಜ್ಜುತ್ತವೆ. ಆದರೆ ಆ ಬಟ್ಟೆ ತೊಳೆಯುವವರು ಯಾರು ಎಂದು ಕೇಳಿ. ತಾನೇ ತೊಳೆದು ಒಣಗಿಸುವ ಡಾಕ್ (ಯಂತ್ರ ಚಾರ್ಜಿಗೆ ಬಂದು ನಿಲ್ಲುವ ನೆಲೆ) ಇದ್ದರೆ ಅದಕ್ಕೆ ದೊಡ್ಡ ಜಾಗ ಬೇಕು, ಕೊಳಕು ನೀರನ್ನು ನೀವೇ ಚೆಲ್ಲಬೇಕು. ಎರಡು ದಿನ ಮರೆತರೆ ಆ ತೊಟ್ಟಿಯ ವಾಸನೆ ಬಾಗಿಲಿನಿಂದಲೇ ಸ್ವಾಗತಿಸುತ್ತದೆ. ಕಾರ್ಪೆಟ್ ಇದ್ದರೆ ಅದರ ಮೇಲೆ ಹೋಗುವಾಗ ಬಟ್ಟೆಯನ್ನು ಎತ್ತಿಕೊಳ್ಳುತ್ತದೆಯೇ ಎಂದೂ ನೋಡಿ.

ತಯಾರಕರು ಹೇಳದ ಯಾವ ದ್ರಾವಣವನ್ನೂ ತೊಟ್ಟಿಗೆ ಸುರಿಯಬೇಡಿ. ನೊರೆ ಬರುವ ಸೋಪಿನಿಂದ ಸಣ್ಣ ನಳಿಕೆಗಳು ಕಟ್ಟಿಕೊಳ್ಳುತ್ತವೆ.

ಪ್ರಶ್ನೆ: ನಮ್ಮ ಯಂತ್ರ ನಡುಮನೆಯ ಕಪ್ಪು ಜಮಖಾನೆಯ ಅಂಚಿಗೆ ಬಂದು ಹಿಂದೆ ಸರಿಯುತ್ತದೆ. ಹೆದರಿದ ಹಾಗೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ನಿಜಕ್ಕೂ ಹೆದರಿದೆ. ಯಂತ್ರದ ಹೊಟ್ಟೆಯಡಿ ಕೆಲವು ಸೆನ್ಸರುಗಳಿವೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ನೆಲಕ್ಕೆ ಬಿಟ್ಟು, ಅದು ವಾಪಸ್ ಬಂದರೆ ನೆಲ ಇದೆ ಎಂದು ತಿಳಿಯುತ್ತವೆ. ಬಾರದಿದ್ದರೆ ಮುಂದೆ ಮೆಟ್ಟಿಲಿದೆ, ಬೀಳುತ್ತೇನೆ ಎಂದು ನಿಲ್ಲುತ್ತವೆ. ಕಪ್ಪು ಬಟ್ಟೆ ಆ ಬೆಳಕನ್ನು ನುಂಗಿಬಿಡುತ್ತದೆ. ನಿಮ್ಮ ಜಮಖಾನೆ ಅದಕ್ಕೆ ಹಳ್ಳದ ಹಾಗೆ ಕಾಣುತ್ತದೆ. ಸೆನ್ಸರಿಗೆ ಬಿಳಿ ಕಾಗದ ಅಂಟಿಸುವ ಉಪಾಯ ಯಾರಾದರೂ ಹೇಳಿಕೊಟ್ಟಾರು. ಮನೆಯಲ್ಲಿ ಒಂದೇ ಒಂದು ಮೆಟ್ಟಿಲಿದ್ದರೂ ಅದನ್ನು ಮಾಡಬೇಡಿ. ಜಮಖಾನೆಯನ್ನು ನೀವೇ ಕೊಡವಿಕೊಳ್ಳಿ.

ಪ್ರಶ್ನೆ: ನನಗೆ 71 ವರ್ಷ. ಮಂಡಿ ನೋವು, ಒಬ್ಬಳೇ ಇದ್ದೇನೆ. ಮಗ ಒಂದು ತಂದುಕೊಡುತ್ತೇನೆ ಎನ್ನುತ್ತಾನೆ. ಫೋನಿನ ಆ್ಯಪ್ ಎಲ್ಲ ನನಗೆ ಬೇಡ. ಗುಂಡಿ ಒತ್ತಿದರೆ ಗುಡಿಸುವಂಥದ್ದು ಇದೆಯೇ?

ಉತ್ತರ: ಇದೆ ಅಮ್ಮ. ಹೆಚ್ಚಿನ ಯಂತ್ರಗಳ ನೆತ್ತಿಯ ಮೇಲೆ ಗುಂಡಿ ಇರುತ್ತದೆ. ಒತ್ತಿದರೆ ಹೊರಡುತ್ತದೆ, ಮುಗಿದ ಮೇಲೆ ತಾನೇ ಹೋಗಿ ಚಾರ್ಜಿಗೆ ನಿಲ್ಲುತ್ತದೆ. ಗುಂಡಿ ಒತ್ತಲು ಬಗ್ಗುವುದೂ ಬೇಡ ಎಂದಾದರೆ ಮೊದಲ ದಿನ ಮಗನೇ ಫೋನಿನಲ್ಲಿ ದಿನದ ಸಮಯ ಗೊತ್ತು ಮಾಡಿಕೊಡಲಿ. ವೈಫೈ ಸೇರಿಸುವಾಗ 2.4 ಗಿಗಾಹರ್ಟ್ಸಿನದನ್ನೇ ಆರಿಸಬೇಕು ಎಂದು ಅವರಿಗೆ ಹೇಳಿ. ಎಷ್ಟೋ ಯಂತ್ರಗಳು ಅದನ್ನು ಮಾತ್ರ ಹಿಡಿಯುತ್ತವೆ. ಅದು ಗೊತ್ತಿಲ್ಲದೆ ಮೊದಲ ಸಂಜೆಯೇ ಜಗಳ ಆಗುತ್ತದೆ.

ಸಾಮಾನ್ಯವಾಗಿ ನಾನು ಕಸವನ್ನು ತಾನೇ ಖಾಲಿ ಮಾಡಿಕೊಳ್ಳುವ ಡಾಕ್ ಬೇಡ ಎನ್ನುವವನು. ಖಾಲಿ ಮಾಡುವಾಗ ಕಿವಿ ಮುಚ್ಚುವಷ್ಟು ಸದ್ದು, ಚೀಲ ಆಗಾಗ ಕೊಳ್ಳುತ್ತಿರಬೇಕು. ಯಂತ್ರದೊಳಗಿನ ಕಸದ ಡಬ್ಬಿ ಕೈಯಲ್ಲಿ ಕೊಡವಿದರೆ ಅರ್ಧ ನಿಮಿಷದ ಕೆಲಸ. ಆದರೆ ಆ ಅರ್ಧ ನಿಮಿಷಕ್ಕೆ ದಿನಾ ನೆಲದವರೆಗೆ ಬಗ್ಗಬೇಕಲ್ಲ. ನಿಮಗೆ ಡಾಕ್ ಇರುವುದೇ ಬೇಕು. ಚೀಲ ವಾರಗಟ್ಟಲೆ ಬರುತ್ತದೆ. ಮಗ ಬಂದಾಗ ಬದಲಿಸಲಿ. ಚಕ್ರದ ಕೂದಲನ್ನೂ ಅವರೇ ತೆಗೆಯಲಿ.

ಒಂದು ಎಚ್ಚರಿಕೆ. ಕಾಲಿಗೆ ತೊಡರುವ ಎತ್ತರದ ವಸ್ತುವೊಂದು ಮನೆಯಲ್ಲಿ ಓಡಾಡುತ್ತದೆ ಎನ್ನುವುದನ್ನು ಮರೆಯಬೇಡಿ. ನೀವು ಕೂತಿರುವ ಹೊತ್ತಿಗೇ ಅದು ಓಡಲಿ, ರಾತ್ರಿ ನೀರು ಕುಡಿಯಲು ಏಳುವ ಹೊತ್ತಿಗೆ ಅಲ್ಲ. ನಿಮ್ಮ ನೆಲ ಕಡುಬಣ್ಣದ್ದಾದರೆ ಬಿಳಿ ಯಂತ್ರ ತರಲು ಹೇಳಿ. ಕಪ್ಪೇ ಸಿಕ್ಕಿದರೆ ಮುಚ್ಚಳದ ಅಂಚಿಗೆ ಹಳದಿ ಟೇಪು ಹಚ್ಚಿಸಿಕೊಳ್ಳಿ. ಸೆನ್ಸರಿನ ಕಿಟಕಿ ಮುಚ್ಚದಂತೆ ಹಚ್ಚಬೇಕು, ಅಷ್ಟೇ.