ಬಿಟ್ಟ ಮೇಲೂ ಕುಡಿತ ಯಾಕೆ ಸೆಳೆಯುತ್ತದೆ?

ಪ್ರಶ್ನೆ: ಅಣ್ಣ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹಳೆ ಗೆಳೆಯರ ಜೊತೆ ಒಂದು ಸಂಜೆ ಕೂತಿದ್ದೇ ನೆಪ, ಮತ್ತೆ ಶುರುವಾಗಿದೆ. ಮನಸ್ಸು ಗಟ್ಟಿಯಿಲ್ಲ ಅಂತ ಮನೆಯವರೆಲ್ಲ ಬೈಯುತ್ತಾರೆ. ಕುಡಿತದಿಂದ ಜೀನ್‌ಗಳೇ ಬದಲಾಗುತ್ತವೆ ಅಂತ ಓದಿದೆ. ನಿಜವೇ?

ಉತ್ತರ: ಮೊದಲು ಬೈಯುವುದನ್ನು ನಿಲ್ಲಿಸಿ. ನಿಮ್ಮಣ್ಣನ ತೊಂದರೆ ಬರೀ ಮನಸ್ಸಿನ ಗಟ್ಟಿತನದ್ದಲ್ಲ.

ಇಲ್ಲಿ ಬದಲಾಗುವುದು ಜೀನ್ ಅಲ್ಲ, ಅದು ಎಷ್ಟು ಕೆಲಸ ಮಾಡಬೇಕು ಎಂಬ ಹತೋಟಿ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಉಂಡೆಯ ದಾರದ ಹಾಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದರೆ ಜೀನ್ ಸುಮ್ಮನಿರುತ್ತದೆ. ಹಿಸ್ಟೋನ್‌ಗೆ ಅಸಿಟೈಲ್ ಎಂಬ ಪುಟ್ಟ ಅಣುಗುಂಪು ಅಂಟಿದರೆ ಸುತ್ತು ಸಡಿಲಾಗಿ, ಜೀನ್ ಕೆಲಸಕ್ಕಿಳಿಯುತ್ತದೆ.

ಆ ಅಸಿಟೈಲ್ ಕುಡಿದ ಮದ್ಯದಿಂದಲೇ ಬರಬಲ್ಲದು! ಲಿವರ್ ಮದ್ಯವನ್ನು ಒಡೆದಾಗ ಕೊನೆಗೆ ಅಸಿಟೇಟ್ ಉಳಿಯುತ್ತದೆ. ಅದು ರಕ್ತದ ಮೂಲಕ ಮಿದುಳು ಸೇರಿ, ಅಲ್ಲಿ ಅಸಿಟೈಲ್ ಒದಗಿಸುತ್ತದೆ. 2019ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶೆಲ್ಲಿ ಬರ್ಗರ್ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿತು. ಗುರುತು ಹಾಕಿ ಕೊಟ್ಟ ಮದ್ಯದ ಅಂಶ ಕೆಲವೇ ಗಂಟೆಗಳಲ್ಲಿ ಹಿಪೊಕ್ಯಾಂಪಸ್‌ನ ಹಿಸ್ಟೋನ್‌ಗಳ ಮೇಲೆ ಕಂಡಿತು. ನೆನಪು ಕಟ್ಟುವ ಜಾಗ ಅದು. ಮದ್ಯ ಸಿಕ್ಕಿದ ಕೋಣೆಯಲ್ಲೇ ಇಲಿಗಳು ಜಾಸ್ತಿ ಹೊತ್ತು ಕಳೆದವು. ಅಸಿಟೇಟನ್ನು ಬಳಕೆಗೆ ತರುವ ಎಸಿಎಸ್‌ಎಸ್2 ಎಂಬ ಕಿಣ್ವವನ್ನು ಹಿಪೊಕ್ಯಾಂಪಸ್‌ನಲ್ಲಿ ತಗ್ಗಿಸಿದಾಗ ಇಲಿಗಳಿಗೆ ಆ ಕೋಣೆಯ ಸೆಳೆತ ಹುಟ್ಟಲಿಲ್ಲ.

ಅಂದರೆ ಮಿದುಳು ಮದ್ಯದ ಜೊತೆಗೆ ಅದು ಸಿಕ್ಕಿದ ಜಾಗವನ್ನೂ ಕಲಿಯುತ್ತದೆ. ಮನುಷ್ಯರ ಕಥೆ ಇಲಿಯದ್ದಕ್ಕಿಂತ ಜಟಿಲ, ನಿಜ. ಆದರೂ ನಿಮ್ಮಣ್ಣ ಜಾರಿದ್ದು ಹಳೆ ಗೆಳೆಯರ ನಡುವೆಯೇ ಅಲ್ವಾ?

ಬಿಟ್ಟಾಗಿನ ಚಡಪಡಿಕೆಗೂ ಇದೇ ಹತೋಟಿಯ ನಂಟಿದೆ. ಷಿಕಾಗೊದ ಸುಭಾಷ್ ಪಾಂಡೆ ಅವರ ತಂಡ ಕಂಡಂತೆ, ಮದ್ಯ ತಪ್ಪಿಸಿದ ಇಲಿಗಳಲ್ಲಿ ಭಯ, ಆತಂಕ ನೋಡಿಕೊಳ್ಳುವ ಅಮಿಗ್ಡಲಾ ಭಾಗದಲ್ಲಿ ಹಿಸ್ಟೋನ್‌ಗೆ ಅಂಟಿದ ಅಸಿಟೈಲ್ ಕಡಿಮೆಯಾಗುತ್ತದೆ, ಆತಂಕ ಏರುತ್ತದೆ. ಆ ಆತಂಕ ತಾಳಲಾರದೆ ಮತ್ತೆ ಕುಡಿಯುವವರು ಬಹಳ ಮಂದಿ. ಅದನ್ನು ಹಟ ಅಂತ ಕರೆಯುವುದು ಅನ್ಯಾಯ.

ಅಣ್ಣನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ; ಯಾವುದು ಹೊಂದುತ್ತದೆ ಎಂದು ಅವರೇ ನೋಡಿ ಹೇಳಲಿ. ಆ ಗೆಳೆಯರ ಸಂಜೆಗಳು ಸದ್ಯಕ್ಕೆ ಬೇಡ. ಮತ್ತೊಂದು ಮಾತು, ದಯವಿಟ್ಟು ಮರೆಯಬೇಡಿ: ದಿನಾ ಜಾಸ್ತಿ ಕುಡಿಯುತ್ತಿದ್ದರೆ ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾದಲ್ಲೇ ಬಿಡಿಸಿ.

— ಸಂಪಾದಕ